ಮಧ್ಯಾಹ್ನದ ಆ ಅರ್ಧ ಗಂಟೆ

ದಿನಕ್ಕೆ ಎಷ್ಟು ಗಂಟೆ ದುಡಿಯಬೇಕು ಎಂಬ ಚರ್ಚೆ ಕರ್ನಾಟಕದಲ್ಲಿ ಈಚಿನ ವರ್ಷಗಳಲ್ಲಿ ತಣ್ಣಗಾಗಿದ್ದೇ ಇಲ್ಲ. 2023ರ ಫೆಬ್ರವರಿಯಲ್ಲಿ ವಿಧಾನಮಂಡಲ ಕಾರ್ಖಾನೆಗಳ ಕಾಯ್ದೆಗೆ ತಿದ್ದುಪಡಿ ತಂದಿತು. ವಾರದ 48 ಗಂಟೆಯ ಮಿತಿಯನ್ನು ಉಳಿಸಿಕೊಂಡೇ ದಿನದ ದುಡಿಮೆಯನ್ನು 12 ಗಂಟೆಯವರೆಗೆ ಎಳೆಯಲು ದಾರಿ ಮಾಡಿತು. ಅದೇ ವರ್ಷ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸಂಸ್ಥಾಪಕ ಎನ್.ಆರ್. ನಾರಾಯಣಮೂರ್ತಿ, ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2024ರ ಜುಲೈಯಲ್ಲಿ ಐಟಿ ಕಂಪನಿಗಳಿಗೆ ದಿನಕ್ಕೆ 14 ಗಂಟೆಯ ಪ್ರಸ್ತಾವ ಕೇಳಿಬಂತು, ನೌಕರರ ಸಂಘ ಬೀದಿಗಿಳಿಯಿತು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರ 90 ಗಂಟೆಯ ಮಾತು ಹೊರಬಿತ್ತು. ಜೂನಿನಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳಲ್ಲಿ ದಿನದ ಕೆಲಸವನ್ನು 9 ಗಂಟೆಯಿಂದ 10 ಗಂಟೆಗೆ ಏರಿಸುವ ಪ್ರಸ್ತಾವ ಬಂತು. ಇಷ್ಟೆಲ್ಲ ವಾದ ಪ್ರತಿವಾದಗಳು ನಡೆದದ್ದು ದಿನದ ಮತ್ತು ವಾರದ ಮೊತ್ತದ ಮೇಲೆ. ಆ ಮೊತ್ತದ ನಟ್ಟನಡುವೆ ಇರುವ ಊಟದ ಹೊತ್ತನ್ನು ಯಾರೂ ಎತ್ತಿ ಹೇಳಲಿಲ್ಲ. ದುಡಿಮೆಯ ಹೊತ್ತು ಹಿಗ್ಗಿದಾಗ ಮೊದಲು ಕರಗುವುದು ಊಟದ ಬಿಡುವು. ಆದ್ದರಿಂದ ಗಂಟೆಗಳ ಚರ್ಚೆ ಶುರುವಾಗಬೇಕಾದದ್ದು ಅಲ್ಲಿಂದಲೇ ಎಂಬುದು ಈ ಲೇಖನದ ವಾದ. 2023ರ ತಿದ್ದುಪಡಿಯಲ್ಲೇ ಇದಕ್ಕೆ ಸಾಕ್ಷಿ ಸಿಗುತ್ತದೆ. ಮೂಲ ಕಾಯ್ದೆಯಲ್ಲಿ ಐದು ಗಂಟೆ ದುಡಿದ ಮೇಲೆ ಬಿಡುವು ಕೊಡಲೇಬೇಕಿತ್ತು. ತಿದ್ದುಪಡಿ ಅದನ್ನು ಆರು ಗಂಟೆಯವರೆಗೆ ಮುಂದೂಡಲು ಸರ್ಕಾರಕ್ಕೆ ಅಧಿಕಾರ ಕೊಟ್ಟಿತು. 12 ಗಂಟೆ ಎಂಬ ಸಂಖ್ಯೆ ಪತ್ರಿಕೆಗಳ ಮುಖಪುಟಕ್ಕೆ ಬಂತು, ಈ ಆರು ಗಂಟೆಯ ವಿಷಯ ಹೆಚ್ಚಿನವರ ಕಣ್ಣಿಗೇ ಬೀಳಲಿಲ್ಲ.

ಊಟದ ಹೊತ್ತು ಮಾಲೀಕರು ತಾವಾಗಿ ಕೊಟ್ಟದ್ದಲ್ಲ, ಕೇಳಿ ಪಡೆದದ್ದು. 1884ರ ಸೆಪ್ಟೆಂಬರಿನಲ್ಲಿ ಮುಂಬೈಯ ಗಿರಣಿ ಕಾರ್ಮಿಕರು ಸಭೆ ಸೇರಿ ಒಂದು ಮನವಿ ಸಿದ್ಧಪಡಿಸಿದರು. ಮುಂದೆ ನಿಂತವರು ಜ್ಯೋತಿಬಾ ಫುಲೆಯವರ ಒಡನಾಡಿ ನಾರಾಯಣ ಮೇಘಾಜಿ ಲೋಖಂಡೆ. ಐದು ಸಾವಿರಕ್ಕೂ ಹೆಚ್ಚು ಕಾರ್ಮಿಕರು ಅದಕ್ಕೆ ಸಹಿ ಹಾಕಿದರು. ಭಾನುವಾರ ರಜೆ ಬೇಕು, ಕೆಲಸ ಬೆಳಿಗ್ಗೆ ಆರೂವರೆಗೆ ಶುರುವಾಗಿ ಹೊತ್ತು ಮುಳುಗುವಾಗ ನಿಲ್ಲಬೇಕು, ಸಂಬಳ ತಿಂಗಳ 15ರೊಳಗೆ ಕೈಸೇರಬೇಕು, ಗಾಯಗೊಂಡವರಿಗೆ ಪರಿಹಾರ ಸಿಗಬೇಕು ಎಂಬ ಬೇಡಿಕೆಗಳ ಜೊತೆಗೆ ಮಧ್ಯಾಹ್ನ ಅರ್ಧ ಗಂಟೆ ಬಿಡುವು ಬೇಕು ಎಂಬುದೂ ಇತ್ತು. ಭಾನುವಾರದ ರಜೆ 1890ರ ಜೂನಿನಲ್ಲಿ ದಕ್ಕಿತು. ಮರುವರ್ಷದ ಕಾರ್ಖಾನೆ ಕಾಯ್ದೆ ಮಧ್ಯಾಹ್ನ 12ರಿಂದ 2ರೊಳಗೆ ಅರ್ಧ ಗಂಟೆ ಯಂತ್ರ ನಿಲ್ಲಿಸಬೇಕೆಂದು ಹೇಳಿತು. ಆಮೇಲಿನ ಕಥೆ ಗಂಟೆಗಳು ಒಂದೊಂದಾಗಿ ಕಳಚಿದ್ದು. 1905ರ ಹೊತ್ತಿಗೆ ಮುಂಬೈ ಗಿರಣಿಗಳಿಗೆ ವಿದ್ಯುದ್ದೀಪ ಬಂದು, ಸೂರ್ಯ ಮುಳುಗಿದ ಮೇಲೂ ದುಡಿಸುವುದು ಸಾಧ್ಯವಾಗಿ, ದಿನದ ಕೆಲಸ 14-15 ಗಂಟೆಗೆ ಏರಿತ್ತು. 1911ರಲ್ಲಿ ಬಟ್ಟೆ ಗಿರಣಿಯ ಗಂಡಾಳುಗಳಿಗೆ 12 ಗಂಟೆಯ ಮಿತಿ ಬಂತು. 1922ರಲ್ಲಿ ವಾರಕ್ಕೆ 60 ಗಂಟೆ, 1934ರಲ್ಲಿ 54 ಆಯಿತು. ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ಹೊತ್ತಿದ್ದ ಡಾ. ಅಂಬೇಡ್ಕರ್ ತಂದ ಮಸೂದೆಯಿಂದ 1946ರಲ್ಲಿ ಅದು 48ಕ್ಕೆ ಇಳಿಯಿತು. 1948ರ ಕಾಯ್ದೆ ದಿನಕ್ಕೆ 9 ಗಂಟೆ ಎಂದು ಗೆರೆ ಎಳೆಯಿತು. ಈ ಅರ್ಧ ಶತಮಾನದಲ್ಲಿ ದುಡಿಮೆಯ ಗಂಟೆಗಳೆಲ್ಲ ಬದಲಾದವು, ಆದರೆ 1948ರ ಕಾಯ್ದೆಯ ಕನಿಷ್ಠ ಬಿಡುವು 1891ರ ಅದೇ ಅರ್ಧ ಗಂಟೆ. ಉಗಿಯಂತ್ರದ ಕಾಲದ ಕಾರ್ಮಿಕ ಎಷ್ಟು ಹೊತ್ತಿನಲ್ಲಿ ಉಣ್ಣಬೇಕಿತ್ತೋ ಇಂದಿನ ಕಾರ್ಮಿಕಳೂ ಅಷ್ಟೇ ಹೊತ್ತಿನಲ್ಲಿ ಉಣ್ಣಬೇಕು.

ಅಂಗಡಿ, ಹೋಟೆಲು, ಖಾಸಗಿ ಕಚೇರಿಗಳಿಗೆ ಬೇರೆ ಕಾನೂನಿದೆ. ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961 ಈ ವಿಷಯದಲ್ಲಿ ಕಾರ್ಖಾನೆ ಕಾಯ್ದೆಗಿಂತ ಉದಾರವಾದದ್ದು. ಯಾರನ್ನೂ ಐದು ಗಂಟೆಗಿಂತ ಹೆಚ್ಚು ಒಂದೇ ಸಮನೆ ದುಡಿಸುವಂತಿಲ್ಲ, ನಡುವೆ ಕನಿಷ್ಠ ಒಂದು ಗಂಟೆ ಬಿಡುವು ಕೊಡಬೇಕು ಎನ್ನುತ್ತದೆ ಅದು. ಒಂದು ಗಂಟೆ! ಚಿಕ್ಕಪೇಟೆಯ ಬಟ್ಟೆ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುವ ಹುಡುಗನಿಗೂ, ಮಾಲ್‌ನಲ್ಲಿ ಬಿಲ್ ಹಾಕುವ ಹುಡುಗಿಗೂ ಈ ಹಕ್ಕು ಇದೆ. ಅದು ಅವರಿಗೆ ಗೊತ್ತಿರುವುದು ಕಡಿಮೆ. ಇನ್ನೊಂದು ವಿಷಯವನ್ನೂ ಇಲ್ಲಿ ಗಮನಿಸಬೇಕು. ಊಟದ ಬಿಡುವು ದುಡಿಮೆಯ ಲೆಕ್ಕಕ್ಕೆ ಸೇರುವುದಿಲ್ಲ. ಒಂಬತ್ತು ಗಂಟೆ ಕೆಲಸ, ಒಂದು ಗಂಟೆ ಬಿಡುವು ಎಂದರೆ ಕೆಲಸದ ಜಾಗದಲ್ಲಿ ಹತ್ತು ಗಂಟೆ ಕಳೆದಂತೆ. ಕೆಲಸವನ್ನು ಹತ್ತು ಗಂಟೆಗೆ ಏರಿಸಿದರೆ ಅದು ಹನ್ನೊಂದಾಗುತ್ತದೆ. ಬೆಂಗಳೂರಿನ ರಸ್ತೆಗಳಲ್ಲಿ ಹೋಗಿ ಬರುವ ಹೊತ್ತು ಸೇರಿದರೆ ಹದಿಮೂರು ದಾಟುತ್ತದೆ. ಆಗ ಮಾಲೀಕನಿಗೂ ನೌಕರನಿಗೂ ಒಂದೇ ಆಸೆ ಹುಟ್ಟುತ್ತದೆ: ನಡುವಿನ ಆ ಗಂಟೆಯನ್ನು ಕತ್ತರಿಸಿಬಿಟ್ಟರೆ ಬೇಗ ಮುಗಿಯುತ್ತದಲ್ಲ? ಊಟದ ಹೊತ್ತು ಕರಗುವುದು ಯಾರೋ ಒಬ್ಬರ ದುಷ್ಟತನದಿಂದಲ್ಲ, ಈ ಲೆಕ್ಕಾಚಾರದಿಂದ.

ಅರ್ಧ ಗಂಟೆ ಎಂದರೆ ಎಷ್ಟು ಎಂಬುದನ್ನು ಒಂದು ಗಾರ್ಮೆಂಟ್ ಕಾರ್ಖಾನೆಯ ಫ್ಲೋರಿನ ಮೇಲೆ ನಿಂತು ಅಳೆಯಬೇಕು. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆ, ಮದ್ದೂರು, ಎಲ್ಲ ಕಡೆಯೂ ಹೊಲಿಗೆ ಯಂತ್ರದ ಮುಂದೆ ಕೂತವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಬೆಲ್ ಆಗುತ್ತದೆ, ನೂರಾರು ಜನ ಒಟ್ಟಿಗೆ ಏಳುತ್ತಾರೆ. ಮೆಟ್ಟಿಲಿಳಿಯುವಾಗಲೇ ನೂಕುನುಗ್ಗಲು. ಬೆರಳಿಗಂಟಿದ ನೂಲಿನ ಧೂಳು ತೊಳೆಯಲು ನಲ್ಲಿಯ ಮುಂದೆ ಸಾಲು, ಶೌಚಾಲಯದ ಮುಂದೆ ಅದಕ್ಕಿಂತ ಉದ್ದದ ಸಾಲು. ಜಾಗ ಹುಡುಕಿ ಡಬ್ಬಿಯ ಮುಚ್ಚಳ ತೆಗೆಯುವ ಹೊತ್ತಿಗೆ ಹತ್ತು ನಿಮಿಷ ಹೋಗಿರುತ್ತದೆ. ಬೆಳಿಗ್ಗೆ ಆರಕ್ಕೆ ತುಂಬಿದ ಅನ್ನ ಒಂದು ಗಂಟೆಗೆ ಗಟ್ಟಿಯಾಗಿರುತ್ತದೆ, ಸಾರು ಕಲಸಿ ಬೇಗ ಬೇಗ ನುಂಗಬೇಕು. ಡಬ್ಬಿ ತೊಳೆಯಲು ಮತ್ತೆ ನಲ್ಲಿಯ ಸಾಲು, ಮತ್ತೆ ಮೆಟ್ಟಿಲು. ಬೆಲ್ ಹೊಡೆಯುವ ಮುಂಚೆ ಯಂತ್ರದ ಮುಂದೆ ಇರಬೇಕು, ಇಲ್ಲದಿದ್ದರೆ ಟಾರ್ಗೆಟ್ ತಪ್ಪುತ್ತದೆ, ಸೂಪರ್‌ವೈಸರ್ ಬಾಯಿ ಕೇಳಬೇಕು. ಕಾನೂನು ಕೊಟ್ಟದ್ದು ಮೂವತ್ತು ನಿಮಿಷವಾದರೂ ಅನ್ನದ ಮುಂದೆ ಕೂತು ಉಂಡದ್ದು ಹತ್ತೋ ಹನ್ನೆರಡೋ ನಿಮಿಷ. ಶೌಚಾಲಯದ ಸಾಲು ತಪ್ಪಿಸಿಕೊಳ್ಳಲು ನೀರು ಕುಡಿಯುವುದನ್ನೇ ಕಡಿಮೆ ಮಾಡುವ ಹೆಂಗಸರ ಕಷ್ಟವೂ ಈ ಅರ್ಧ ಗಂಟೆಯೊಳಗೇ ಅಡಗಿದೆ.

ನಮ್ಮ ಹಳೆಯ ದುಡಿಮೆಯಲ್ಲಿ ಊಟದ ಬಗೆ ಬೇರೆ ಇತ್ತು. ಹೊಲದಲ್ಲಿ ಉಳುವವನಿಗೆ ಬುತ್ತಿ ಮನೆಯಿಂದ ಬರುತ್ತಿತ್ತು. ಅದು ಬಂದಾಗ ನೊಗ ಇಳಿಸಿ ಎತ್ತುಗಳಿಗೂ ಮೇವು ಹಾಕಿ ಮರದ ನೆರಳಿನಲ್ಲಿ ಕೂರುವುದಿತ್ತು. ಆ ದುಡಿಮೆ ಸುಖದ್ದೆಂದು ಹೇಳುತ್ತಿಲ್ಲ. ಜೀತದಾಳಿಗೆ ನೆರಳೂ ಇರಲಿಲ್ಲ, ಹೊಟ್ಟೆ ತುಂಬ ಬುತ್ತಿಯೂ ಇರಲಿಲ್ಲ. ಆದರೆ ಊಟ ಕೆಲಸದ ಬಳಿಗೆ ಬರುತ್ತಿತ್ತು ಎಂಬುದು ಮುಖ್ಯ. ಕಾರ್ಖಾನೆ ಮತ್ತು ಕಚೇರಿ ಬಂದ ಮೇಲೆ ಡಬ್ಬಿ ಮನುಷ್ಯನ ಜೊತೆಯಲ್ಲೇ ಬೆಳಿಗ್ಗೆ ಮನೆ ಬಿಡಬೇಕಾಯಿತು, ಅದನ್ನು ಕಟ್ಟುವವರು ಅದಕ್ಕೂ ಮುಂಚೆ ಏಳಬೇಕಾಯಿತು. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಶಿಫ್ಟ್ ಒಂದು ಗಂಟೆ ಮುಂಚೆ ಶುರುವಾದರೆ ಒಲೆಯೂ ಒಂದು ಗಂಟೆ ಮುಂಚೆ ಉರಿಯಬೇಕು. ಕಂಪನಿಯ ಹಾಜರಿ ಪುಸ್ತಕದಲ್ಲಿ ಆ ಗಂಟೆ ಕಾಣುವುದಿಲ್ಲ. ಮುಂಬೈಯಲ್ಲಿ ಡಬ್ಬಾವಾಲಾಗಳ ವ್ಯವಸ್ಥೆ 1890ರ ಸುಮಾರಿಗೆ ಹುಟ್ಟಿದ್ದೂ, ಮಾಟುಂಗದಂಥ ಕಡೆ ಉಡುಪಿಯವರ ಊಟದ ಹೋಟೆಲುಗಳು ಬೇರೂರಿದ್ದೂ, 2017ರಲ್ಲಿ ಬೆಂಗಳೂರಿನ ಇಂದಿರಾ ಕ್ಯಾಂಟೀನ್ 10 ರೂಪಾಯಿಗೆ ಮಧ್ಯಾಹ್ನದ ಊಟ ಕೊಡತೊಡಗಿದ್ದೂ ಒಂದೇ ಕೊರತೆಯನ್ನು ತುಂಬಲು. ಇವೆಲ್ಲವೂ ನಿಂತಿರುವುದು ಊರಿನ ಹೆಚ್ಚಿನ ಜನ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಕೆಲಸ ನಿಲ್ಲಿಸಿ ಉಣ್ಣುತ್ತಾರೆ ಎಂಬ ನಂಬಿಕೆಯ ಮೇಲೆ.

ಬಿಡುವು ಕೊಟ್ಟರೆ ಉತ್ಪಾದನೆ ಬೀಳುತ್ತದೆ ಎನ್ನುವವರಿಗೆ ಹಳೆಯ ಅನುಭವಗಳೇ ಉತ್ತರ ಹೇಳುತ್ತವೆ. ಜರ್ಮನಿಯ ಯೇನಾದಲ್ಲಿ ಸೂಕ್ಷ್ಮದರ್ಶಕಗಳನ್ನು ತಯಾರಿಸುತ್ತಿದ್ದ ಝೈಸ್ ಕಾರ್ಖಾನೆಯನ್ನು ನಡೆಸುತ್ತಿದ್ದ ವಿಜ್ಞಾನಿ ಅರ್ನ್‌ಸ್ಟ್ ಆಬೆ, 1900ರಲ್ಲಿ ದಿನದ ಕೆಲಸವನ್ನು ಒಂಬತ್ತು ಗಂಟೆಯಿಂದ ಎಂಟಕ್ಕೆ ಇಳಿಸಿದ. ಲೆಕ್ಕ ಇಟ್ಟು ನೋಡಿದಾಗ ಉತ್ಪಾದನೆ ಬೀಳಲಿಲ್ಲ, ಏರಿತು. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳಲ್ಲಿ ಹೆಂಗಸರನ್ನು ಹಗಲಿರುಳು ದುಡಿಸಲಾಯಿತು. ಅಲ್ಲಿ ಸಂಗ್ರಹವಾದ ಅಂಕಿಅಂಶಗಳನ್ನು ಸ್ಟ್ಯಾನ್‌ಫೋರ್ಡಿನ ಅರ್ಥಶಾಸ್ತ್ರಜ್ಞ ಜಾನ್ ಪೆನ್‌ಕಾವೆಲ್ 2014ರಲ್ಲಿ ಮತ್ತೆ ವಿಶ್ಲೇಷಿಸಿದರು. ವಾರಕ್ಕೆ ಸುಮಾರು 50 ಗಂಟೆ ದಾಟಿದ ಮೇಲೆ ಗಂಟೆಯೊಂದರ ಉತ್ಪಾದನೆ ಕುಸಿಯುತ್ತದೆ, 70 ಗಂಟೆ ದುಡಿದವರ ಒಟ್ಟು ಉತ್ಪಾದನೆ 56 ಗಂಟೆ ದುಡಿದವರದಕ್ಕಿಂತ ಹೆಚ್ಚೇನೂ ಇರಲಿಲ್ಲ ಎಂದು ಅವರು ಕಂಡರು. ಆರೋಗ್ಯದ ಲೆಕ್ಕ ಇನ್ನೂ ಗಂಭೀರ. ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಅಂದಾಜಿಸಿದವು.

ಇವು ಒಟ್ಟು ಗಂಟೆಗಳ ಮಾತಾಯಿತು, ಊಟದ ಬಿಡುವಿಗೆ ಪುರಾವೆ ಎಲ್ಲಿ ಎಂದು ಕೇಳಬಹುದು. ಈ ಸಂದರ್ಭದಲ್ಲಿ ಎಲ್ಲರೂ ಉದಾಹರಿಸುವುದು ಇಸ್ರೇಲಿನ ನ್ಯಾಯಾಧೀಶರ ಅಧ್ಯಯನ. ಕೈದಿಗಳ ಪೆರೋಲ್ ಅರ್ಜಿ ಕೇಳುವವರು ಊಟ ಮುಗಿಸಿ ಬಂದಾಗ ಸುಮಾರು ಶೇ 65ರಷ್ಟು ಅರ್ಜಿಗಳಿಗೆ ಒಪ್ಪಿಗೆ ಕೊಡುತ್ತಿದ್ದರು, ಹೊತ್ತು ಹೋದಂತೆ ಅದು ಸೊನ್ನೆಯ ಹತ್ತಿರಕ್ಕೆ ಇಳಿಯುತ್ತಿತ್ತು ಎಂದು 2011ರಲ್ಲಿ ಪ್ರಕಟವಾದ ಆ ಬರಹ ಹೇಳಿತು. ಓದಿದರೆ ಮೈ ನಡುಗುತ್ತದೆ. ಆದರೆ ಅದೇ ವರ್ಷ ಬೇರೆ ಸಂಶೋಧಕರು ಅದನ್ನು ಪ್ರಶ್ನಿಸಿದರು. ಪ್ರಕರಣಗಳು ಬಂದ ಅನುಕ್ರಮ ಕಾಕತಾಳೀಯವಲ್ಲ, ವಕೀಲರಿಲ್ಲದ ಕೈದಿಗಳ ಅರ್ಜಿಗಳು ಬಿಡುವಿಗೆ ಮುಂಚೆ ಕೊನೆಯಲ್ಲಿ ಬರುತ್ತಿದ್ದವು ಎಂದು ತೋರಿಸಿದರು. ಆದ್ದರಿಂದ ನಾನು ಆ ಅಧ್ಯಯನದ ಮೇಲೆ ಭಾರ ಹಾಕುವುದಿಲ್ಲ, ಹಾಕುವ ಅಗತ್ಯವೂ ಇಲ್ಲ. ಐದು ಗಂಟೆ ಸೂಜಿಯ ಕೆಳಗೆ ಬಟ್ಟೆ ಸರಿಸಿದ ಬೆರಳಿಗೆ, ಐದು ಗಂಟೆ ಪರದೆ ನೋಡಿದ ಕಣ್ಣಿಗೆ ವಿರಾಮ ಬೇಕೆಂಬುದು 1891ರ ಶಾಸಕರಿಗೇ ಅರ್ಥವಾಗಿತ್ತು. ಯಂತ್ರಕ್ಕೂ ಎಣ್ಣೆ ಬಿಡಲು ಹೊತ್ತು ಕೊಡುವ ಮಾಲೀಕನಿಗೆ ಇದನ್ನು ಅಧ್ಯಯನದಿಂದ ಸಾಬೀತು ಮಾಡಬೇಕಿಲ್ಲ.

ಹೊಸ ಕಾಲದ ಕಚೇರಿಗಳ ಕಡೆಯಿಂದ ಬರುವ ಆಕ್ಷೇಪ ಬೇರೆ. ಈಗ ಬೆಲ್ ಇಲ್ಲ, ಯಾರು ಯಾವಾಗ ಬೇಕಾದರೂ ಉಣ್ಣಬಹುದು, ನಿಗದಿತ ಊಟದ ಹೊತ್ತು ಹಳೆಯ ಕಾರ್ಖಾನೆಯ ಪಳೆಯುಳಿಕೆ ಎನ್ನುತ್ತಾರೆ. ಮೇಲ್ನೋಟಕ್ಕೆ ಇದು ಸ್ವಾತಂತ್ರ್ಯದ ಮಾತು. ಆದರೆ ಯಾವಾಗ ಬೇಕಾದರೂ ಎಂಬುದು ದಿನ ಕಳೆದಂತೆ ಯಾವಾಗಲೂ ಇಲ್ಲ ಎಂದಾಗುವುದನ್ನು ಬೆಂಗಳೂರಿನ ಟೆಕ್ ಪಾರ್ಕುಗಳಲ್ಲಿ ಕಾಣಬಹುದು. ಯುರೋಪಿನ ಬೆಳಗು ನಮ್ಮ ಮಧ್ಯಾಹ್ನ, ಅಮೆರಿಕದ ಬೆಳಗು ನಮ್ಮ ಸಂಜೆ. ಆದ್ದರಿಂದ ಒಂದೂವರೆಗೆ ಒಂದು ಮೀಟಿಂಗ್, ರಾತ್ರಿ ಎಂಟಕ್ಕೆ ಇನ್ನೊಂದು. ಎಡಗೈ ಕೀಲಿಮಣೆಯ ಮೇಲೆ, ಬಲಗೈ ತಟ್ಟೆಯ ಮೇಲೆ. ಊಟದ ಹೊತ್ತು ಎಲ್ಲರಿಗೂ ಗೊತ್ತಿರುವ ಹೊತ್ತಾಗಿದ್ದರೆ ಮೀಟಿಂಗ್ ಕರೆಯುವವನು ಎರಡು ಸಲ ಯೋಚಿಸುತ್ತಾನೆ. ಒಬ್ಬೊಬ್ಬರ ಆಯ್ಕೆಗೆ ಬಿಟ್ಟರೆ, ಬೇಡ ಎನ್ನುವ ಹೊಣೆ ಹೊಸದಾಗಿ ಸೇರಿದ ಹುಡುಗಿಯ ಮೇಲೆ ಬೀಳುತ್ತದೆ. ಫ್ರಾನ್ಸಿನ ಕಾರ್ಮಿಕ ಸಂಹಿತೆ ಕೆಲಸದ ಜಾಗದಲ್ಲೇ ಊಟ ಮಾಡಲು ಬಿಡುವುದನ್ನು ನಿಷೇಧಿಸುತ್ತದೆ. ಕೋವಿಡ್ ಕಾಲದಲ್ಲಿ, 2021ರಲ್ಲಿ, ಅದನ್ನು ಸಡಿಲಿಸಲು ಸರ್ಕಾರ ಪ್ರತ್ಯೇಕ ಆದೇಶ ಹೊರಡಿಸಬೇಕಾಯಿತು. ಅಷ್ಟು ಕಟ್ಟುನಿಟ್ಟು ನಮಗೆ ಬೇಡ. ಆದರೆ ಮೇಜು ಬಿಟ್ಟೇಳುವುದು ನೌಕರನ ಧೈರ್ಯವನ್ನು ಅವಲಂಬಿಸಬಾರದು ಎಂಬ ಅದರ ಹಿಂದಿನ ತಿಳಿವಳಿಕೆ ನಮಗೂ ಬೇಕು.

ಸಾರ್ವಜನಿಕರ ದೂರು ಇದಕ್ಕಿಂತ ಗಟ್ಟಿಯಾದದ್ದು, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಪಹಣಿಗೋ ಪಿಂಚಣಿಗೋ ಹಳ್ಳಿಯಿಂದ ಎರಡು ಬಸ್ ಹತ್ತಿ ತಾಲ್ಲೂಕು ಕಚೇರಿಗೆ ಬಂದ ಮುದುಕಿಗೆ ‘ಸಾಹೇಬರು ಊಟಕ್ಕೆ ಹೋಗಿದ್ದಾರೆ, ಆಮೇಲೆ ಬಾರಮ್ಮ’ ಎಂದರೆ ಆಕೆಯ ದಿನವೇ ಹೋಯಿತು. ಜೊತೆಗೆ ಬಂದ ಮಗನ ಕೂಲಿಯೂ ಹೋಯಿತು. ಈ ಅನುಭವ ಇರುವವರು ಸರ್ಕಾರಿ ನೌಕರರ ಊಟದ ಹೊತ್ತಿನ ಪರ ಮಾತಾಡಿದರೆ ಸಿಟ್ಟಾಗುವುದು ಸಹಜ, ನ್ಯಾಯವೂ ಹೌದು. ಆದರೆ ಇದಕ್ಕೆ ಪರಿಹಾರ ಊಟ ಬಿಡುವುದಲ್ಲ, ಸರದಿಯಲ್ಲಿ ಉಣ್ಣುವುದು. ಅರ್ಧ ಜನ ಹನ್ನೆರಡೂವರೆಗೆ, ಉಳಿದವರು ಒಂದೂವರೆಗೆ ಹೋದರೆ ಕಿಟಕಿ ಮುಚ್ಚಬೇಕಿಲ್ಲ. ಆಸ್ಪತ್ರೆಯ ನರ್ಸುಗಳು ಹೀಗೆಯೇ ಉಣ್ಣುತ್ತಾರೆ, ರೋಗಿಯ ಪಕ್ಕ ಯಾರಾದರೂ ಇದ್ದೇ ಇರುತ್ತಾರೆ. ಒಬ್ಬರೇ ಗುಮಾಸ್ತರಿರುವ ಕಚೇರಿಯಲ್ಲಿ ಸರದಿ ಸಾಧ್ಯವಿಲ್ಲ, ನಿಜ. ಅಲ್ಲಿ ಊಟದ ಹೊತ್ತನ್ನು ಬಾಗಿಲ ಮೇಲೆ ದೊಡ್ಡದಾಗಿ ಬರೆದು, ಆ ಹೊತ್ತಿಗೇ ಹೋಗಿ ಆ ಹೊತ್ತಿಗೇ ಬಂದರೆ ಮುದುಕಿ ಅದಕ್ಕೆ ತಕ್ಕಂತೆ ಬಸ್ ಹಿಡಿಯುತ್ತಾಳೆ. ಆಕೆಗೆ ತೊಂದರೆ ಕೊಡುವುದು ಎಷ್ಟು ಹೊತ್ತಿಗೆ ಮುಗಿಯುತ್ತದೆಂದು ಯಾರಿಗೂ ಗೊತ್ತಿಲ್ಲದ ಬಿಡುವು. ಬಸ್ಸಿನ ಚಾಲಕ, ನಿರ್ವಾಹಕರಿಗೂ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಐದು ಗಂಟೆಗೊಮ್ಮೆ ಅರ್ಧ ಗಂಟೆ ವಿಶ್ರಾಂತಿ ಕೊಟ್ಟಿತ್ತು. ಟ್ರಾಫಿಕ್ಕಿನಲ್ಲಿ ಟ್ರಿಪ್ ತಡವಾದರೆ ಮೊದಲು ಹೋಗುವುದು ಅದೇ ಅರ್ಧ ಗಂಟೆ.

ಹೆಚ್ಚು ಯೋಚಿಸಬೇಕಾದ ಆಕ್ಷೇಪ ನೌಕರರಿಂದಲೇ ಬರುತ್ತದೆ: ‘ನಮಗೆ ಉದ್ದದ ಬಿಡುವು ಬೇಡ, ಬೇಗ ಮನೆಗೆ ಬಿಡಿ.’ ಶಾಲೆ ಬಿಟ್ಟ ಮಗು ಮನೆಯಲ್ಲಿ ಕಾಯುತ್ತಿರುವ ತಾಯಿಗೆ ಮಧ್ಯಾಹ್ನದ ಹೆಚ್ಚುವರಿ ಅರ್ಧ ಗಂಟೆಗಿಂತ ಸಂಜೆಯ ಅರ್ಧ ಗಂಟೆ ದೊಡ್ಡದು. ಇದನ್ನು ನಾನು ಒಪ್ಪುತ್ತೇನೆ, ಎಲ್ಲರಿಗೂ ಒಂದು ಗಂಟೆಯನ್ನು ಹೇರಬೇಕೆಂದು ಹೇಳುವುದಿಲ್ಲ. ಆದರೆ ಊಟವನ್ನೋ ಮಗುವನ್ನೋ ಒಂದನ್ನು ಆರಿಸಿಕೋ ಎಂದು ಆಕೆಯ ಮುಂದೆ ಇಟ್ಟದ್ದು ಉದ್ದವಾದ ದಿನವೇ ಹೊರತು ಬಿಡುವಲ್ಲ. ಸಂಜೆ ಬೇಗ ಬಿಡುವ ಹೆಸರಿನಲ್ಲಿ ಬಿಡುವು ಕಿತ್ತುಕೊಂಡು, ಆಮೇಲೆ ಓವರ್‌ಟೈಮ್ ಹೆಸರಿನಲ್ಲಿ ಸಂಜೆಯನ್ನೂ ಕಿತ್ತುಕೊಳ್ಳುವುದಕ್ಕೆ ತಡೆ ಬೇಕು. 2025ರ ಪ್ರಸ್ತಾವದಲ್ಲಿ ಮೂರು ತಿಂಗಳ ಓವರ್‌ಟೈಮ್ ಮಿತಿಯನ್ನು 50 ಗಂಟೆಯಿಂದ 144ಕ್ಕೆ ಏರಿಸುವ ಮಾತೂ ಇತ್ತು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಇನ್ನು, ಮಾಲೀಕನೇ ಇಲ್ಲದಂತೆ ದುಡಿಯುವವರಿದ್ದಾರೆ. ಮಧ್ಯಾಹ್ನ ಒಂದಕ್ಕೆ ನಮ್ಮ ಬಾಗಿಲಿಗೆ ಊಟ ತರುವ ಹುಡುಗನಿಗೆ ಅದೇ ಆರ್ಡರ್ ಹೆಚ್ಚು ಬರುವ ಹೊತ್ತು. ಅವನು ಉಣ್ಣುವುದು ಮೂರರ ಮೇಲೆ, ಬೈಕಿನ ಸೀಟಿನ ಮೇಲೆ ಕೂತು. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ಕಾಯ್ದೆ ಮಾಡಿ ಕಲ್ಯಾಣ ನಿಧಿಯ ವ್ಯವಸ್ಥೆ ತಂದದ್ದು ದೊಡ್ಡ ಹೆಜ್ಜೆ. ಅವನಿಗೆ ಕೂತು ಉಣ್ಣಲು ಒಂದು ನೆರಳು, ಕೈ ತೊಳೆಯಲು ಒಂದು ನಲ್ಲಿ ಸಿಗುವ ಏರ್ಪಾಡೂ ಅದೇ ಉಸಿರಿನಲ್ಲಿ ಆಗಬೇಕು.

ಈ ಮಾತು ಈಗಲೇ ಆಡಬೇಕಾದದ್ದಕ್ಕೆ ಕಾರಣವಿದೆ. 2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಕಾರ್ಖಾನೆ ಕಾಯ್ದೆಯ ಜಾಗಕ್ಕೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ದಿನಕ್ಕೆ ಎಂಟು ಗಂಟೆ ಎಂದು ಮೂಲದಲ್ಲೇ ಹೇಳುತ್ತದೆ. ಕ್ಯಾಂಟೀನ್ ಕಡ್ಡಾಯವಾಗಲು ಹಿಂದೆ 250ಕ್ಕಿಂತ ಹೆಚ್ಚು ಕಾರ್ಮಿಕರಿರಬೇಕಿತ್ತು, ಈಗ ನೂರು ಜನರಿದ್ದರೆ ಸಾಕು. ಇವು ಒಳ್ಳೆಯವು. ಆದರೆ ಐದು ಗಂಟೆಗೆ ಅರ್ಧ ಗಂಟೆ ಎಂಬ ಖಚಿತ ವಾಕ್ಯ ಮೂಲ ಶಾಸನದಲ್ಲಿ ಈಗ ಇಲ್ಲ. ಬಿಡುವು ಎಷ್ಟು, ಯಾವಾಗ ಎಂಬುದನ್ನು ಸಂಬಂಧಪಟ್ಟ ಸರ್ಕಾರದ ಅಧಿಸೂಚನೆಗೆ ಬಿಡಲಾಗಿದೆ. ಲೋಖಂಡೆಯವರ ಕಾಲದಿಂದ ಕಾಯ್ದೆಯಲ್ಲೇ ಇದ್ದದ್ದು ಈಗ ಒಂದು ಆದೇಶದಿಂದ ಬರಬಹುದಾದ, ಇನ್ನೊಂದು ಆದೇಶದಿಂದ ಹೋಗಬಹುದಾದ ವಿಷಯವಾಗಿದೆ. ಅಪಾಯ ಇಲ್ಲಿದೆ, ಅವಕಾಶವೂ ಇಲ್ಲೇ ಇದೆ. ಹೊಸದಾಗಿ ಬರೆಯುವಾಗ 1891ರ ಅಳತೆಯನ್ನೇ ನಕಲು ಮಾಡಬೇಕಿಲ್ಲ. ಐದು ಗಂಟೆಯ ಮಿತಿ ಆರಾಗಬಾರದು. ದಿನ ಎಂಟು ಗಂಟೆ ದಾಟಿದರೆ ಎರಡನೆಯ ಬಿಡುವು ಬರಬೇಕು. ಕೆಲಸದ ಜಾಗದಿಂದ ಊಟದ ಜಾಗಕ್ಕೆ ಹೋಗಿ ಬರುವ ಹೊತ್ತು, ಕೈ ತೊಳೆಯುವ ಹೊತ್ತು ಊಟದ ಹೊತ್ತಿನಿಂದ ಕಳೆಯಬಾರದು. ಕ್ಯಾಂಟೀನಿನ ಕುರ್ಚಿಗಳ ಜೊತೆಗೆ ನಲ್ಲಿಗಳ ಮತ್ತು ಶೌಚಾಲಯಗಳ ಸಂಖ್ಯೆಯನ್ನೂ ಒಂದು ಸರದಿಗೆ ಏಳುವ ಜನರ ಲೆಕ್ಕದಲ್ಲಿ ನಿಗದಿ ಮಾಡಬೇಕು. ತಪಾಸಣೆಗೆ ಬರುವ ಅಧಿಕಾರಿ ಹಾಜರಿ ಪುಸ್ತಕದ ಜೊತೆಗೆ ಇದನ್ನೂ ನೋಡಬೇಕು: ಬೆಲ್ ಹೊಡೆದ ಎಷ್ಟು ನಿಮಿಷಕ್ಕೆ ಸಾಲಿನ ಕೊನೆಯ ಹೆಂಗಸು ತನ್ನ ಡಬ್ಬಿಯ ಮುಚ್ಚಳ ತೆಗೆದಳು, ಎಷ್ಟು ನಿಮಿಷಕ್ಕೆ ಅದನ್ನು ಮತ್ತೆ ಮುಚ್ಚಿದಳು.